ಕುಷಾಯಿಗೂಡದ ಮನೆಯ ಪ್ರೊಜೆಕ್ಟರಿಗೆ ಕಟ್ಟಿದ ಚೆಂಡುಹೂವಿನ ಹಾರದ ಬಗ್ಗೆ ಹುಲಗೇಶನ ಹೇಳಿಕೆ

ಹೆಸರು ಹುಲಗೇಶ, ತಂದೆಯ ಹೆಸರು ಮಲ್ಲಣ್ಣ, ವಯಸ್ಸು 20 ವರ್ಷ, ಕೆಲಸ ಮನೆಗಳಲ್ಲಿ ಪ್ರೊಜೆಕ್ಟರ್ ಮತ್ತು ಸ್ಪೀಕರ್ ಕೂರಿಸುವುದು, ಓದಿದ್ದು ಒಂಬತ್ತನೆಯ ತರಗತಿ ಅರ್ಧ, ಸ್ವಂತ ಊರು ಯಾದಗಿರಿ ಜಿಲ್ಲೆ ಶಹಾಪುರ ತಾಲೂಕು, ಸದ್ಯದ ವಾಸ ತಾರ್ನಾಕದ ಹತ್ತಿರ ರೈಲು ಹಳಿ ಪಕ್ಕದ ಬಸ್ತಿ, ಹೈದರಾಬಾದ್.

ಈ ದಿನ 11.11.2025ರ ಮಂಗಳವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನನ್ನು ಯಾರೂ ಕರೆಸಿಲ್ಲ. ನನಗೆ ತೆಲುಗು ಮಾತನಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಹೆಡ್ ಕಾನ್‌ಸ್ಟೆಬಲ್ ವನಜಾ ಮೇಡಂ ನಾರಾಯಣಪೇಟೆ ಕಡೆಯವರು, ಕನ್ನಡ ಓದುತ್ತಾರೆ. ಕನ್ನಡದಲ್ಲೇ ಬರೆ, ತೆಲುಗಿಗೆ ನಾನು ಮಾಡಿಕೊಳ್ಳುತ್ತೇನೆ ಎಂದರು. ಕುಳಿತು ಬರೆ ಎಂದೂ ಹೇಳಿದರು. ನನಗೆ ಒಂದೇ ಕಡೆ ಕೂರಲು ಆಗುವುದಿಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು ನಿಂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕಾರಣ ಅದು.

ನಾನು ನಿಂತ ಜಾಗದಿಂದ ಎಂಟು ಅಡಿ ದೂರದ ಬೆಂಚಿನ ಮೇಲೆ ಎಲೆಕ್ಟ್ರಿಷಿಯನ್ ಚಂದ್ರಾಮ ಅವರು ಕುಳಿತಿದ್ದಾರೆ. ಅವರ ವೈರಿಂಗ್ ಕೆಟ್ಟದಾಗಿದ್ದರಿಂದ ದಿನಾಂಕ 9ರ ಭಾನುವಾರ ಕುಷಾಯಿಗೂಡದ ಒಂದು ಮನೆಯಲ್ಲಿ ಪ್ರೊಜೆಕ್ಟರ್ ಸಿಡಿಯಿತು, ಮನೆಯ ಯಜಮಾನರಾದ ಗುರುರಾಜ ಅವರು ಬಿದ್ದು ತೊಡೆಯ ಮೂಳೆ ಮುರಿಯಿತು ಎಂದು ಅವರ ಮೇಲೆ ದೂರು ಇದೆ. ವೈರಿಂಗ್ ಕೆಟ್ಟದಾಗಿರಲಿಲ್ಲ. ತಪ್ಪು ಮಾಡಿದವನು ನಾನು. ಅದನ್ನು ಸಮಯದ ಪ್ರಕಾರ ಬರೆಯುತ್ತೇನೆ.

ದಿನಾಂಕ 7ರ ಶುಕ್ರವಾರ ಚಂದ್ರಾಮ ಅವರು ಆ ಮನೆಯ ಮೇಲಿನ ಕೋಣೆಗೆ ಹೊಸ ಲೈನ್ ಎಳೆದು, ಅರ್ಥಿಂಗ್ ಕೊಟ್ಟು ಹೋಗಿದ್ದರು. ಅವರಿಗೆ ಒಂದು ರೂಢಿ ಇದೆ. ಕೆಲಸ ಮುಗಿದ ಮೇಲೆ ಮೀಟರ್ ಹಿಡಿದು ಅಳತೆ ನೋಡಿ, ಸ್ವಿಚ್ ಬೋರ್ಡಿನ ಪ್ಲೇಟಿನ ಒಳಮೈ ಮೇಲೆ ಪೆನ್ಸಿಲಿನಿಂದ ದಿನಾಂಕ ಮತ್ತು ವೋಲ್ಟ್ ಬರೆದು ಪ್ಲೇಟ್ ಮುಚ್ಚುತ್ತಾರೆ. ಯಾರು ನೋಡುತ್ತಾರೆ ಎಂದು ನಾನು ಹಿಂದೊಮ್ಮೆ ಕೇಳಿದ್ದೆ. "ನೋಡವ ಬರಲಿ ಬಿಡಲಿ, ಬರೆದಿದ್ದು ಇರ್ತೈತಿ" ಎಂದಿದ್ದರು. ಆ ಕೋಣೆಯ ಪ್ಲೇಟನ್ನು ಇನ್ನೂ ಯಾರೂ ಬಿಚ್ಚಿಲ್ಲ. ಬಿಚ್ಚಿ ನೋಡಬೇಕಾಗಿ ಕೋರುತ್ತೇನೆ.

ಭಾನುವಾರ ಮಧ್ಯಾಹ್ನ 1 ಗಂಟೆ 15 ನಿಮಿಷಕ್ಕೆ ನಾನೊಬ್ಬನೇ ಆ ಮನೆಗೆ ಹೋದೆ. ಆಗ ಮನೆಯಲ್ಲಿ ಇದ್ದವರು ನಾಲ್ವರು. ಗುರುರಾಜ ಅವರು, ವಯಸ್ಸು ಸುಮಾರು 61. ಅವರ ಹೆಂಡತಿ ಶಾಮಲಾ ಅವರು. ಮಗ ವಿಶ್ವಜಿತ್, ಮಾದಾಪುರದಲ್ಲಿ ಕೆಲಸ. ಗುರುರಾಜ ಅವರ ತಾಯಿ ಗಂಗೂಬಾಯಿ, ವಯಸ್ಸು 84, ಮನೆಯವರು ಆಯಿ ಎನ್ನುತ್ತಾರೆ, ನಾನು ಅಜ್ಜಿ ಎಂದು ಬರೆಯುತ್ತೇನೆ.

ಕೋಣೆ 14 ಅಡಿ ಉದ್ದ, 11 ಅಡಿ ಅಗಲ. ಪರದೆ 100 ಇಂಚು. ಪ್ರೊಜೆಕ್ಟರನ್ನು ಪರದೆಯಿಂದ 10 ಅಡಿ 3 ಇಂಚು ದೂರದಲ್ಲಿ ಛಾವಣಿಗೆ ಪೈಪ್ ಕೊಟ್ಟು ತೂಗಿಸಿದೆ. ನೆಲದಿಂದ ಅದರ ತಳಕ್ಕೆ 8 ಅಡಿ 4 ಇಂಚು. ಅದು ಒಳಗೆ ಲ್ಯಾಂಪ್ ಇರುವ ಪ್ರೊಜೆಕ್ಟರ್. ಲ್ಯಾಂಪ್ ಬಹಳ ಕಾಯುತ್ತದೆ. ಬಿಸಿ ಗಾಳಿ ಹೊರಬರಲು ಎಡಗಡೆ ಜಾಲರಿ ಇದೆ. ಜಾಲರಿಯ ಸುತ್ತ ಒಂದು ಗೇಣು ಜಾಗ ಖಾಲಿ ಇರಬೇಕು. ಇದು ನನಗೆ ಗೊತ್ತಿತ್ತು. ನಮ್ಮ ಅಂಗಡಿಯ ಮಾಲೀಕರಾದ ಪರಮೇಶ ಅವರು ಮೊದಲ ದಿನವೇ ಕಲಿಸಿದ್ದರು.

ಐದು ಸ್ಪೀಕರ್ ಇಟ್ಟೆ. ಹಿಂದಿನ ಎಡ ಸ್ಪೀಕರಿನ ವೈರ್ ನೆಲದ ಮೇಲೆ 11 ಅಡಿ ಹಾಗೇ ಬಿದ್ದಿತ್ತು. ಅದನ್ನು ಗೋಡೆಗೆ ಕ್ಲಿಪ್ ಹೊಡೆದ ಮೇಲೆಯೇ ಪ್ರೊಜೆಕ್ಟರ್ ಹಚ್ಚಬೇಕು. ನಾನು ಯಾವಾಗಲೂ ಮೊದಲು ಹಚ್ಚಿ ಚಿತ್ರ ನೋಡುತ್ತೇನೆ, ಆಮೇಲೆ ಕ್ಲಿಪ್ ಹೊಡೆಯುತ್ತೇನೆ. ಚಿತ್ರ ಕಾಣುವ ತನಕ ನನಗೆ ಕೈಕಾಲು ಸುಮ್ಮನಿರುವುದಿಲ್ಲ.

ಸಂಜೆ 4 ಗಂಟೆ 40 ನಿಮಿಷಕ್ಕೆ ಅಜ್ಜಿ ಅರಿಶಿನ ಕುಂಕುಮದ ತಟ್ಟೆ ಮತ್ತು ಚೆಂಡುಹೂವಿನ ಹಾರ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮನೆಗೆ ಹೊಸ ಯಂತ್ರ ಬಂದರೆ ಪೂಜೆ ಮಾಡುವುದು ಎಲ್ಲ ಮನೆಗಳಲ್ಲೂ ಇದೆ. ನಾನು ಏಣಿಯ ಮೂರನೆಯ ಮೆಟ್ಟಿಲಿನಲ್ಲಿ ನಿಂತು ಕುಂಕುಮ ಹಚ್ಚಿದೆ. ಹಾರವನ್ನು ಪೈಪಿಗೆ ಸುತ್ತಿ ಎರಡೂ ಬದಿಗೆ ಇಳಿಬಿಟ್ಟೆ. ಬೇರೆ ಮನೆಗಳಲ್ಲಿ ಆರತಿ ಆದ ಕೂಡಲೇ ಹಾರ ತೆಗೆದು ಪರದೆಯ ಮೂಲೆಗೆ ಕಟ್ಟುತ್ತೇನೆ. ಇಲ್ಲಿಯೂ ತೆಗೆಯಲು ಹೋದೆ.

ಅಜ್ಜಿ, "ಹಾಕಿದ ಹಾರ ಆ ದಿನ ತೆಗೀಬಾರದು ತಮ್ಮಾ. ನಾಳೆ ಬಾಡಿದ ಮ್ಯಾಲ ನಾನೇ ತೆಗಿಸ್ತೀನಿ" ಎಂದರು.

ಯಂತ್ರ ಕಾಯುತ್ತದೆ ಎಂದು ನಾನು ಹೇಳಿದೆ. ಅವರು, "ಎಲ್ಲಾರೂ ಕಾಯ್ತಾರ. ನಮ್ಮ ಮನ್ಯಾಗ ಕಾಯಲಾರದವರು ಯಾರಿದ್ದಾರ?" ಎಂದರು. ವಿಶ್ವಜಿತ್ ನಕ್ಕರು. ನಾನೂ ನಕ್ಕೆ. ಹಾರವನ್ನು ಬಿಟ್ಟೆ. ಹೇಳಿದವರು ಅಜ್ಜಿ. ಬಿಟ್ಟವನು ನಾನು.

ಅಂದು ಹಚ್ಚಿದ್ದು ಸಿನಿಮಾ ಅಲ್ಲ. ಅಜ್ಜಿಯ ಗಂಡ ಇಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 27 ವರ್ಷ ಕೆಲಸ ಮಾಡಿ 1994ರಲ್ಲಿ ನಿವೃತ್ತರಾದವರು. 2008ರಲ್ಲಿ ತೀರಿಕೊಂಡರು. ಅವರ ಬೀಳ್ಕೊಡುಗೆಯ ಹಳೆಯ ಕ್ಯಾಸೆಟ್ ಮನೆಯಲ್ಲಿತ್ತು, ಅದನ್ನು ಹಾಕುವ ಯಂತ್ರ ಕೆಟ್ಟು ಬಹಳ ವರ್ಷವಾಗಿತ್ತು. ವಿಶ್ವಜಿತ್ ಅದನ್ನು ಪೆನ್‌ಡ್ರೈವಿಗೆ ಹಾಕಿಸಿ ತಂದಿದ್ದರು. ಒಟ್ಟು 14 ನಿಮಿಷ. ಅಜ್ಜ ಮಾತನಾಡುವುದು ಕೊನೆಯ ಮೂರು ನಿಮಿಷ. ಅಜ್ಜಿ ಆ ಧ್ವನಿ ಕೇಳಿ 17 ವರ್ಷವಾಗಿತ್ತು ಎಂದು ಶಾಮಲಾ ಅವರು ನನಗೆ ಹೇಳಿದರು.

5 ಗಂಟೆ 10 ನಿಮಿಷಕ್ಕೆ ಕಿಟಕಿಯ ದಪ್ಪ ಪರದೆಗಳನ್ನು ಎಳೆದು, ದೀಪ ಆರಿಸಿ, ಹಚ್ಚಿದೆ. ಕೋಣೆ ಪೂರ್ತಿ ಕತ್ತಲೆ. ವೇದಿಕೆಯ ಮೇಲೆ ಏಳು ಜನ ಸಾಲಾಗಿ ಕುಳಿತಿದ್ದರು. ಅಜ್ಜ ಎಡದಿಂದ ಮೂರನೆಯವರು, ಕೊರಳಲ್ಲಿ ಹಾರ. ಅಜ್ಜಿ ಸೆರಗು ಸರಿಮಾಡಿಕೊಂಡರು. ದೊಡ್ಡ ಸಾಹೇಬರೊಬ್ಬರು ಇಂಗ್ಲಿಷಿನಲ್ಲಿ ಮಾತನಾಡುತ್ತಲೇ ಇದ್ದರು. "ಈ ಮನಷ್ಯಾ ಅವತ್ತೂ ಹಿಂಗ ಕೊರದಿದ್ದ" ಎಂದು ಅಜ್ಜಿ ಹೇಳಿದರು.

5 ಗಂಟೆ 17 ನಿಮಿಷಕ್ಕೆ ಚಿತ್ರ ಹೋಯಿತು. ಪ್ರೊಜೆಕ್ಟರಿನ ಮೇಲೆ ಬಿಸಿಯ ಕೆಂಪು ದೀಪ ಮಿನುಗಿತು. ಹಾಗಾದರೆ ಅರ್ಧ ಗಂಟೆ ಆರಲು ಬಿಡಬೇಕು, ಜಾಲರಿ ನೋಡಬೇಕು. ನಾನು ವಿಡಿಯೋ ನಿಲ್ಲಿಸಿ ಏಣಿ ಹತ್ತಿ ನೋಡಿದೆ. ಹಾರ ಪೈಪಿನಿಂದ ಜಾರಿ ಜಾಲರಿಯ ಮೇಲೆ ಮಲಗಿತ್ತು. ನೋಡಲಿಲ್ಲ ಎಂದು ಬರೆಯಬಹುದಿತ್ತು. ನೋಡಿದೆ. ಅದನ್ನು ತೆಗೆಯಲಿಲ್ಲ, ಮೂರು ಬೆರಳು ಈ ಕಡೆ ಸರಿಸಿದೆ, ಅಷ್ಟೇ. ಆರು ನಿಮಿಷ ಕಾದು ಮತ್ತೆ ಹಚ್ಚಿದೆ.

5 ಗಂಟೆ 26 ನಿಮಿಷಕ್ಕೆ ಎರಡನೆಯ ಸಲ ಹೋಯಿತು. ಇಂದಿಗೆ ಸಾಕು, ನಾಳೆ ನೋಡೋಣ ಎಂದು ಗುರುರಾಜ ಅವರು ಹೇಳಿದರು. ಅಜ್ಜಿ ಖಾಲಿ ಪರದೆಯನ್ನೇ ನೋಡುತ್ತಾ ಕುಳಿತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನ ಅವರ ಪಾಳಿ ಬಂದೇ ಇಲ್ಲಲ್ಲೋ" ಎಂದರು. ನನಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ. ಈ ಸಲ ಏಣಿ ಹತ್ತಲಿಲ್ಲ, ಜಾಲರಿ ನೋಡಲಿಲ್ಲ. ಎಂಟು ನಿಮಿಷಕ್ಕೆ ಮತ್ತೆ ಹಚ್ಚಿದೆ.

ಎರಡು ನಿಮಿಷ ನಡೆಯಿತು. ಅಜ್ಜ ಎದ್ದು ಮೈಕಿನ ಮುಂದೆ ಬಂದರು, ಕನ್ನಡಕ ತೆಗೆದು ಒರೆಸಿದರು. 5 ಗಂಟೆ 36 ನಿಮಿಷಕ್ಕೆ ಪಟಾಕಿಯಂತೆ ಒಂದೇ ಸದ್ದಾಗಿ ಪ್ರೊಜೆಕ್ಟರಿನ ಒಳಗೆ ಲ್ಯಾಂಪ್ ಒಡೆಯಿತು. ಚಿತ್ರ ಹೋಯಿತು. ಸುಟ್ಟ ವಾಸನೆ, ಹೊಗೆ ಬಂತು. ಶಾಮಲಾ ಅವರು ಬಾಗಿಲಿನ ಕಡೆ ಓಡಿದರು.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಧ್ವನಿ ನಿಲ್ಲಲಿಲ್ಲ. ಚಿತ್ರ ಪ್ರೊಜೆಕ್ಟರಿನಿಂದ ಬರುತ್ತದೆ. ಧ್ವನಿ ಕೆಳಗೆ ಇಟ್ಟ ಪೆಟ್ಟಿಗೆಯಿಂದ ಸ್ಪೀಕರಿಗೆ ಹೋಗುತ್ತದೆ. ಎರಡಕ್ಕೂ ಕರೆಂಟ್ ಒಂದೇ ಲೈನಿನದು, ಚಂದ್ರಾಮ ಅವರು ಎಳೆದದ್ದು. ಆ ಲೈನಿನಲ್ಲಿ ಶಾರ್ಟ್ ಆಗಿದ್ದರೆ ಬ್ರೇಕರ್ ಬೀಳಬೇಕಿತ್ತು, ಧ್ವನಿಯೂ ಹೋಗಬೇಕಿತ್ತು. ಬ್ರೇಕರ್ ಬೀಳಲಿಲ್ಲ. ಕತ್ತಲೆಯಲ್ಲಿ ಐದು ಸ್ಪೀಕರಿನಿಂದ ಅಜ್ಜ ಮಾತನಾಡಿದರು. ನನ್ನ ಊಟದ ಡಬ್ಬಿಯಲ್ಲಿ ಕೈ ಹಾಕಿ 27 ವರ್ಷ ಉಂಡವರೆಲ್ಲ ಇಲ್ಲೇ ಕುಳಿತಿದ್ದಾರೆ, ನಾಳೆಯಿಂದ ಅವರಿಗೆ ಉಪವಾಸ, ನನಗೆ ಬಿಸಿ ರೊಟ್ಟಿ ಎಂದರು. ಸ್ಪೀಕರಿನಲ್ಲಿ ಬಹಳ ಜನ ನಕ್ಕರು. ಕೋಣೆಯಲ್ಲಿ ಅಜ್ಜಿ ನಕ್ಕರು.

ಗುರುರಾಜ ಅವರಿಗೆ ಅದು ಹೊಗೆ ಹತ್ತಿ ಕೆಮ್ಮಿದಂತೆ ಕೇಳಿಸಿರಬಹುದು. ನಾನು ಕೇಳಿದ್ದು ನಗು. ಅವರು ಆಯೀ ಎಂದು ಕೂಗಿ ಕತ್ತಲೆಯಲ್ಲಿ ಅಜ್ಜಿಯ ಕಡೆ ಓಡಿದರು. ಹಿಂದಿನ ಎಡ ಸ್ಪೀಕರಿನ ವೈರ್ ಕಾಲಿಗೆ ಸಿಕ್ಕಿ ಬಿದ್ದರು. ದೀಪದ ಸ್ವಿಚ್ ನನ್ನಿಂದ ಒಂದು ಹೆಜ್ಜೆ ದೂರ ಇತ್ತು. ಲ್ಯಾಂಪ್ ಒಡೆದದ್ದಕ್ಕೂ ಅವರು ಬಿದ್ದದ್ದಕ್ಕೂ ನಡುವೆ ಸುಮಾರು 25 ಸೆಕೆಂಡ್. ಅಷ್ಟರಲ್ಲಿ ದೀಪ ಹಾಕಬಹುದಿತ್ತು. ಹಾಕಲಿಲ್ಲ. ಅಜ್ಜಿ ಆ ಧ್ವನಿ ಕೇಳುತ್ತಿದ್ದರು, ದೀಪ ಹಾಕಿದರೆ ಅದು ನಿಂತುಹೋಗುತ್ತದೆ ಎಂದು ನನಗೆ ಅನ್ನಿಸಿತು. ಇದು ಹುಚ್ಚು ಕಾರಣ. ಆದರೆ ಕಾರಣ ಇದೇ.

ಆಮೇಲೆ ದೀಪ ಹಾಕಿದೆ. ವಿಶ್ವಜಿತ್ ಸ್ಪೀಕರಿನ ಸ್ವಿಚ್ ಆರಿಸಿದರು. 6 ಗಂಟೆ 5 ನಿಮಿಷಕ್ಕೆ ಆಂಬುಲೆನ್ಸ್ ಬಂತು. ಅದು ಬರುವ ಮೊದಲು ವಿಶ್ವಜಿತ್ ಏಣಿ ಹತ್ತಿ ಕಪ್ಪಾದ ಹಾರವನ್ನು ತೆಗೆದು ಬಾಲ್ಕನಿಯ ತುಳಸಿ ಕುಂಡದ ಹಿಂದೆ ಹಾಕಿದ್ದನ್ನು ನಾನು ನೋಡಿದೆ. ಹಾರದ ಮಾತು ಎಲ್ಲಿಯೂ ಎತ್ತಬೇಡ, ಆಯಿಗೆ ತಿಳಿದರೆ ಊಟ ಬಿಡುತ್ತಾರೆ, ಕರೆಂಟಿನಿಂದ ಆಯಿತು ಎಂದು ನಾವು ಹೇಳುತ್ತೇವೆ ಎಂದು ಅವರು ನನಗೆ ಹೇಳಿದರು. ಅವರು ಕೆಟ್ಟವರಲ್ಲ. ಅಜ್ಜಿಯನ್ನು ಉಳಿಸಲು ಹೇಳಿದರು. ಆದರೆ ದೂರಿನಲ್ಲಿ ಯಾರದಾದರೂ ಒಂದು ಹೆಸರು ಬರಬೇಕಲ್ಲ, ಚಂದ್ರಾಮ ಅವರದು ಬಂತು.

ಸೋಮವಾರ ಸಂಜೆ 5 ಗಂಟೆಗೆ ಚಂದ್ರಾಮ ಅವರನ್ನು ಠಾಣೆಗೆ ಕರೆಸಿದ ಸುದ್ದಿ ತಿಳಿದು ನಾನು ಅಂಗಡಿಗೆ ಹೋಗಿ ಪರಮೇಶ ಅವರಿಗೆ ಎಲ್ಲ ಹೇಳಿದೆ. ಅವರು, "ಸುಮ್ಮ ಕುಂದ್ರಲೇ. ಕುಂದ್ರಾಕ ಬರಂಗಿಲ್ಲ ಅಂತ ಸಾಲಿ ಬಿಟ್ಟಿ, ಈಗ ಜೇಲಿನ್ಯಾಗ ಕುಂದ್ರತೀಯೇನು?" ಎಂದರು. ನಾಳೆಯಿಂದ ಅಂಗಡಿಗೆ ಬರಬೇಡ ಎಂದೂ ಹೇಳಿದರು. ಅಲ್ಲಿಂದ ಈ ಠಾಣೆಯ ಗೇಟಿನ ತನಕ ನಡೆದು ಬಂದೆ, ವಾಪಸ್ ಹೋದೆ. ಮತ್ತೆ ಬಂದೆ, ಎದುರಿನ ಚಹಾ ಅಂಗಡಿಯಲ್ಲಿ ನಿಂತೆ, ವಾಪಸ್ ಹೋದೆ. ಅಜ್ಜಿಗೆ ಹೇಳದೆ ಇಲ್ಲಿ ಹೇಳಿದರೆ ಅದು ಬೆನ್ನ ಹಿಂದೆ ಹೇಳಿದಂತೆ ಆಗುತ್ತದೆ ಎನ್ನಿಸಿತು.

ಈ ದಿನ ಬೆಳಿಗ್ಗೆ 7 ಗಂಟೆ 30 ನಿಮಿಷಕ್ಕೆ ಕುಷಾಯಿಗೂಡದ ಮನೆಗೆ ಹೋದೆ. ಉಳಿದವರು ಆಸ್ಪತ್ರೆಯಲ್ಲಿದ್ದರು. ಅಜ್ಜಿ ಒಬ್ಬರೇ ಇದ್ದರು. ಬಾಗಿಲಲ್ಲಿ ನಿಂತೇ ಹೇಳಿದೆ. ಹಾರ ಬಿಸಿ ಗಾಳಿಯನ್ನು ತಡೆಯಿತು, ಅದರಿಂದ ಲ್ಯಾಂಪ್ ಒಡೆಯಿತು, ಕರೆಂಟಿನಿಂದ ಅಲ್ಲ ಎಂದೆ.

ಅಜ್ಜಿ ಅಳಲಿಲ್ಲ. "ಕರೆಂಟ್ ಕೆಟ್ಟಿದ್ರ ಅವರ ದನಿ ಹೆಂಗ ಬರ್ತಿತ್ತು? ಎರಡು ದಿನ ಆತು, ಕೇಳ್ಲಿಕ್ಕತ್ತೀನಿ. ಯಾರೂ ಉತ್ತರಾ ಕೊಡವಲ್ಲರು" ಎಂದರು. ಬಾಗಿಲಿನ ಚೌಕಟ್ಟು ಹಿಡಿದು ನಿಂತು, ಆ ವೈರಿನವನು ಎಲ್ಲಿದ್ದಾನೆ ಎಂದು ಕೇಳಿದರು. ಠಾಣೆಯಲ್ಲಿ ಎಂದೆ. ಉಂಡಿದ್ದಾನೋ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಅವರು ಒಳಗೆ ಹೋಗಿ ಸ್ಟೀಲಿನ ಡಬ್ಬಿಯಲ್ಲಿ ರೊಟ್ಟಿ, ಪಲ್ಯ ಹಾಕಿಕೊಂಡು ಬಂದರು. "ಹೋಗು, ಬರಕೊಡು. ನನ್ನ ಹೆಸರು ಮೊದಲ ಬರಿ, ನಿಂದು ಆಮ್ಯಾಲ. ನಾ ಹಿರಿಯಾಕಿ. ಉಳಿದ ಮಾತು ಗುರು ಮನೀಗೆ ಬಂದ ಮ್ಯಾಲ ಕೂತು ಕೇಳೋಣಂತ" ಎಂದರು. ಡಬ್ಬಿ ಈಗ ಚಂದ್ರಾಮ ಅವರ ಪಕ್ಕದಲ್ಲಿ ಬೆಂಚಿನ ಮೇಲಿದೆ. ಅವರು ಇನ್ನೂ ತೆರೆದಿಲ್ಲ. ನಾನು ಬರೆಯುವುದನ್ನು ನೋಡುತ್ತಿದ್ದಾರೆ.

ಅಜ್ಜಿಯ ಮಾತನ್ನು ಅವರು ಹೇಳಿದಂತೆಯೇ ಬರೆದಿದ್ದೇನೆ. ಅವರ ಹೆಸರನ್ನು ಮೊದಲು ಬರೆದಿಲ್ಲ. ಕಾರಣ ಮರ್ಯಾದೆ ಅಲ್ಲ, ಅಳತೆ. ಬಾಗಿಲಿನ ಚೌಕಟ್ಟಿನ ಪಕ್ಕ ನಿಂತಾಗ ನೋಡಿದ್ದೇನೆ, ಅವರ ಎತ್ತರ 4 ಅಡಿ 8 ಇಂಚು. ಕೈ ಎತ್ತಿದರೆ 6 ಅಡಿ ಆಗಬಹುದು. ಪ್ರೊಜೆಕ್ಟರ್ 8 ಅಡಿ 4 ಇಂಚಿನಲ್ಲಿತ್ತು. ಅವರ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟಿದ್ದು ನನ್ನದು.

ಇದರಲ್ಲಿ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಬಿಟ್ಟು ಬೇರೆ ಒಂದು ಸಾಲೂ ಇಲ್ಲ. ಯಾರ ಒತ್ತಾಯಕ್ಕೂ ಬರೆದಿಲ್ಲ. ವನಜಾ ಮೇಡಂ ಗಟ್ಟಿಯಾಗಿ ಓದಿದ್ದನ್ನು ನಿಂತು ಕೇಳಿದೆ. ಬರೆದದ್ದು ಸರಿ ಇದೆ, ಸತ್ಯ ಇದೆ.

ಸ್ಥಳ: ಹೈದರಾಬಾದ್
ದಿನಾಂಕ: 11.11.2025, ಬೆಳಿಗ್ಗೆ 11 ಗಂಟೆ 55 ನಿಮಿಷ

ಸಹಿ
ಹುಲಗೇಶ, ತಂದೆ ಮಲ್ಲಣ್ಣ