ನಾಲ್ಕು ಭಾನುವಾರದ ಗಿರಾಕಿ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ, ನನ್ನ ಎದುರಿನ ಬೆಂಚಿನ ಮೇಲೆ ಒಬ್ಬ ಅಕ್ಕ, ಒಬ್ಬ ತಮ್ಮ. ತಮ್ಮನ ಕೆನ್ನೆ ಊದಿತ್ತು. ಆದರೂ ಮಾತು ನಿಂತಿರಲಿಲ್ಲ.

“ನಿನ್ನ ಮನೆ ಮುಂದೆ ಮಾರಾಟಕ್ಕಿದೆ ಅಂತ ಬೋರ್ಡು ಹಾಕಿ ಎಂಟು ತಿಂಗಳಾಯ್ತಲ್ಲೋ. ಮೊನ್ನೆ ನೋಡೋಕೆ ಬಂದಿದ್ದ ಮೇಷ್ಟ್ರು ಏನಂದ್ರು?” ಅಕ್ಕ ಕೇಳಿದಳು.

“ಬೇಡ ಅಂದ್ರು. ಬೇರೆಯವರು ಅಷ್ಟು ಆಸೆಪಡ್ತಿದ್ದಾರೆ, ಅವರಿಗೇ ಕೊಟ್ಬಿಡಿ, ನಾವ್ಯಾಕೆ ಅಡ್ಡ ಬರೋದು ಅಂತ ಎದ್ದು ಹೋದ್ರು.”

“ಬೇರೆಯವರು ಅಂದ್ರೆ ನಿಮ್ಮ ಭಾವಾನಾ?”

“ಇನ್ಯಾರು?”

“ಗಂಡಸರು ಕೂತು ಮಾಡಿದ ಉಪಾಯ ಅಲ್ವಾ, ಹೀಗೇ ಆಗೋದು.”

“ಬ್ರೋಕರ್ ಹೇಳ್ಕೊಟ್ಟಿದ್ದು ಕಣಕ್ಕಾ. ಪೈಪೋಟಿ ಇದೆ ಅಂದ್ರೆ ಜನ ಮುಗಿಬೀಳ್ತಾರೆ ಅಂದ. ಅದಕ್ಕೇ ಭಾವನ್ನ ಗಿರಾಕಿ ಥರ ಕರೆಸಿದ್ದು.”

“ಅಲ್ಲಿಗೆ ಬಂದು ಏನ್ಮಾಡ್ತಾರೆ ಅವರು?”

“ಹೊಗಳೋದೇ ಹೊಗಳೋದು. ಗಾಳಿ ನೋಡಿ, ಬೆಳಕು ನೋಡಿ, ಈ ಅಡುಗೆಮನೆ ಕಂಡ್ರೆ ನಮ್ಮನೆಯವಳು ಕುಣಿದಾಡ್ತಾಳೆ ಅಂತ. ನಾಲ್ಕು ಭಾನುವಾರದಿಂದ ಇದೇ.”

ಅಕ್ಕ ಬೆಂಚಿನ ಮೇಲೆ ಅವನ ಹತ್ತಿರಕ್ಕೆ ಸರಿದಳು.

“ನಿನ್ನೆ ಊಟಕ್ಕೆ ಕೂತಾಗ ನಮ್ಮನೆಯವರು ಕೇಳಿದ್ರು ಕಣೋ. ಆ ಮನೆ ನಾವೇ ತಗೊಂಡ್ರೆ ಹೇಗೆ ಅಂತ.”

“ತಮಾಷೆಗೆ ಅಂದಿರ್ತಾರೆ.”

“ಪರದೆ ಹೊಲಿಸೋಕೆ ಕಿಟಕಿ ಅಳತೆ ಬರ್ಕೊಂಡು ಬಂದಿದ್ದಾರೆ.”

ಒಳಗಿನಿಂದ ಹೆಸರು ಕೂಗಿದರು. ತಮ್ಮ ಕೆನ್ನೆ ಹಿಡಿದುಕೊಂಡು ಎದ್ದ.

“ಅಲ್ಲಕ್ಕಾ, ಆ ಮನೆ ಹಿಂದಿನ ಕೋಣೆ ಗೋಡೇಲಿ ನೀರು ಜಿನುಗುತ್ತೆ. ಕಾಣಬಾರ್ದು ಅಂತ ಅಲ್ಲಿಗೆ ಬೀರು ಎಳೆದು ನಿಲ್ಸಿದ್ದೇ ಭಾವ.”

“ನಾನೂ ಅದನ್ನೇ ಹೇಳಿದೆ,” ಅಕ್ಕ ಅವನ ಹಿಂದೆಯೇ ಬಾಗಿಲು ದಾಟುತ್ತ ಅಂದಳು. “ಬೀರು ಅಲ್ಲೇ ಇರುತ್ತಲ್ಲ ಅಂದ್ರು.”