ಗದ್ದದ ಹಚ್ಚೆ

ಕಡೂರಿನ ಚರ್ಮದ ಡಾಕ್ಟರಿಗೆ ಅಂಗೈ ತುರಿಕೆ ತೋರಿಸಲು ಕೂತಿದ್ದ ಸೈದಾನಿ ಬಿಗೆ, ಪಕ್ಕದ ತಾಯಿ-ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಸೂಜಿಯಿಲ್ಲ, ಕತ್ತರಿಯಿಲ್ಲ. ಬರೀ ಬೆಳಕು ಬಿಡ್ತಾರೆ ಕಣಮ್ಮ, ಕೆನ್ನೆ ಬಿಗಿಯಾಗುತ್ತೆ."

"ಗದ್ದದ ಹಚ್ಚೆ?"

"ಅದರ ಮೇಲೆ ಬಿದ್ರೆ ಸುಡುತ್ತಂತೆ. ಪಟ್ಟಿ ಹಾಕಿ ಮುಚ್ತಾರೆ."

"ಪಟ್ಟಿ ಜಾರಿದ್ರೆ?"

"ಜಾರಲ್ಲ. ನನ್ನ ನಿಶ್ಚಿತಾರ್ಥದಲ್ಲಿ ಬೀಗರು ನಿನ್ನನ್ನ ನನ್ನಜ್ಜಿ ಅಂದ್ಕೊಂಡ್ರು ಅಂತ ಅತ್ತೋಳು ನೀನೇ ತಾನೆ?"

"ಹೂಂ, ಅತ್ತಿದ್ದೆ. ಆದ್ರೂ ಭೂಮಿಕಾ, ಇದನ್ನ ನಾನೂ, ತೀರ್ಕೊಂಡ ನಿನ್ನ ದೊಡ್ಡಮ್ಮನೂ ಒಟ್ಟಿಗೇ ಹಾಕಿಸ್ಕೊಂಡಿದ್ದು ಕಣೇ. ಅಳಿಸಿಹೋದ್ರೆ, ನಾಳೆ ನಾನು ಮೇಲಕ್ಕೆ ಹೋದಾಗ ಅವಳು ನನ್ನ ಗುರುತು ಹಿಡಿಯೋದು ಹೆಂಗೆ?"

ಅಷ್ಟರಲ್ಲಿ ನರ್ಸ್ ಕೂಗಿದಳು, "ಹುಲಿಯಮ್ಮ ಯಾರ್ರೀ?"

ತಾಯಿ ಎದ್ದಳು. ಗದ್ದವನ್ನು ಅಂಗೈಯಲ್ಲಿ ಗಟ್ಟಿಯಾಗಿ ಮುಚ್ಚಿಕೊಂಡೇ ಒಳಗೆ ಹೋದಳು.