ಒಂದೇ ಬಳ್ಳಿಯಲ್ಲಿ ಎರಡು ಹೆಸರು

ಓಹಾಯೋದ ಆ ಹಳ್ಳಿಯಲ್ಲಿ ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಕೋರಾ ಅಜ್ಜಿಯ ಅಡುಗೆಮನೆಯಲ್ಲಿ ಮೊಮ್ಮಕ್ಕಳೆಲ್ಲ ಮೇಜಿನ ಸುತ್ತ ಕೂತು ಹ್ಯಾಲೋವೀನ್ ಹಬ್ಬದ ದೀಪಕ್ಕಾಗಿ ಕುಂಬಳಕಾಯಿಗಳಿಗೆ ಕಣ್ಣು, ಬಾಯಿ ಕೊರೆಯುತ್ತಿದ್ದರು. ಒಬ್ಬಳು ಕಾಯಿಯ ಮೇಲೆ ತನ್ನ ಹೆಸರು ಗೀಚಲು ಹೊರಟಳು. ಅಜ್ಜಿ ಅವಳ ಕೈಯಿಂದ ಚಾಕು ಕಸಿದುಕೊಂಡಳು.

"ಹೆಸರು ಗಿಸರು ಬೇಡ ಕಣೇ. ಎಲ್ಲಾ ಇಲ್ಲಿ ಕೇಳಿ...

ಪಕ್ಕದ ಮನೆ ಮೇಬಲ್ ಅಜ್ಜಿ ಗೊತ್ತಲ್ಲ? ಅವಳ ತಾಯಿ ಹೆಟ್ಟಿ ಅಂತ. ಆಗೆಲ್ಲ ಕಾಯಿ ಮುಷ್ಟಿಯಷ್ಟಿದ್ದಾಗಲೇ ಹಸಿರು ಸಿಪ್ಪೆ ಮೇಲೆ ಮೊಳೆಯಲ್ಲಿ ಮಕ್ಕಳ ಹೆಸರು ಗೀಚೋರು, ಗಾಯ ಒಣಗಿ ಕಾಯಿ ಜೊತೆ ಹೆಸರೂ ಬೆಳೆಯೋದು, ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ. ಹೆಟ್ಟಿ ಒಂದು ಕಾಯಿ ಮೇಲೆ ಮೇಬಲ್ ಅಂತ ಗೀಚಿದಳು. ಅಷ್ಟಕ್ಕೇ ಬಿಡಬಾರದಾ? ಹಿಂದಿನ ಚಳಿಗಾಲ ಗಂಟಲುಮಾರಿ ರೋಗಕ್ಕೆ ತುತ್ತಾಗಿ ಹೋಗಿಬಿಟ್ಟಿದ್ದಳಲ್ಲ ದೊಡ್ಡ ಮಗಳು ಓಪಲ್... ಅದೇ ಬಳ್ಳಿಯ ಇನ್ನೊಂದು ಕಾಯಿ ಮೇಲೆ ಅವಳ ಹೆಸರನ್ನೂ ಗೀಚಿಬಿಟ್ಟಳು. ತಾಯಿ ಕರುಳು, ಏನ್ ಮಾಡ್ತೀರಿ?

ಕಾಯಿ ದಪ್ಪ ಆಗಬೇಕಂದ್ರೆ ಬಳ್ಳಿಗೊಂದೇ ಬಿಟ್ಟು ಮಿಕ್ಕಿದ್ದು ಚಿವುಟಬೇಕು. ಹೆಟ್ಟಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದ್ರೆ ಯಾವ ಹೆಸರು ಚಿವುಟ್ತಾಳೆ ಹೇಳಿ?

ಓಪಲ್ ಕಾಯಿ ಹಂಡೆ ಹಾಗೆ ಊದಿಕೊಳ್ತು. ಮೇಬಲ್ ಕಾಯಿ ಇದ್ದಷ್ಟೇ ಇದ್ದು ಸುಕ್ಕು ಬಿತ್ತು. ಮೇಬಲ್ ಕೂಡ ಹಾಸಿಗೆ ಹಿಡಿದಳು... ಜ್ವರ ಇಲ್ಲ, ನೋವಿಲ್ಲ, ಸುಮ್ನೆ ಸೊರಗ್ತಾ ಹೋದಳು. ಡಾಕ್ಟರು ಕೈಚೆಲ್ಲಿದ್ರು. ನಮ್ಮಮ್ಮ ಹೋಗಿ ಬೈದಳು, 'ಸತ್ತೋಳಿಗೆ ಉಣ್ಣಿಸೋಕೆ ಹೋಗಿ ಬದುಕಿರೋಳನ್ನ ಕೊಲ್ತಿದೀಯಲ್ಲೇ ಹೆಟ್ಟಿ! ಕೊಯ್ದು ಬಿಸಾಕೇ ಅದನ್ನ!'

ಹೆಟ್ಟಿ ಚಾಕು ಹಿಡಿದು ಹಿತ್ತಲಿಗೆ ಹೋದಳು. ಮಳೆಯಲ್ಲಿ ನೆನೆದ ಕಾಯಿ... ಮುಟ್ಟಿದ್ರೆ ಬೆಚ್ಚಗಿತ್ತಂತೆ, ಮಲಗಿದ ಮಗು ಬೆನ್ನಿನ ಹಾಗೆ. ಅತ್ತೂ ಅತ್ತೂ ತೊಟ್ಟು ಕೊಯ್ದಳು. ಆದ್ರೆ ಬಿಸಾಕೋಕೆ ಮನಸ್ಸು ಬರಬೇಕಲ್ಲ? ಎದೆಗವಚಿಕೊಂಡು ಒಳಗೆ ತಂದು ಮೇಬಲ್ ಮಂಚದ ಪಕ್ಕ ಇಟ್ಟಳು. ಮೇಬಲ್ ಕಾಯಿ ಹೊರಗೆ ಮಳೆಯಲ್ಲೇ ಉಳೀತು.

ಸಂಜೆ ಹೊತ್ತಿಗೆ ಹುಡುಗಿ ಎದ್ದು ಕೂತಳು. 'ಅಮ್ಮಾ, ಹಸಿವು. ಬ್ರೆಡ್ಡಿಗೆ ಕಾಕಂಬಿ ಹಾಕ್ಕೊಡೇ' ಅಂದಳು. ಮೇಬಲ್‌ಗೆ ಆ ಕಪ್ಪು ಬೆಲ್ಲದ ಪಾಕ ಕಂಡ್ರೆ ವಾಕರಿಕೆ, ಕಾಡಿ ಬೇಡಿ ತಿಂತಿದ್ದೋಳು ಓಪಲ್... ಹೆಟ್ಟಿಗೆ ತಿಳೀಲಿಲ್ವಾ? ತಿಳೀತು. ತಿಳಿದೂ ಕಾಕಂಬಿ ಬಡಿಸಿದಳು. ಹೆಟ್ಟಿ ಸಾಯೋ ಮುಂಚೆ ಇದನ್ನ ನನ್ನೊಬ್ಬಳ ಹತ್ರ ಬಾಯಿಬಿಟ್ಟಳು.

ಆಮೇಲೆ ಆ ಹಿತ್ತಲಲ್ಲಿ ಯಾರೂ ಬೀಜ ಊರಿಲ್ಲ. ಆದ್ರೂ ವರ್ಷಾ ವರ್ಷಾ ತಾನಾಗೇ ಒಂದು ಬಳ್ಳಿ ಏಳತ್ತೆ. ಒಂದೇ ಕಾಯಿ. ಯಾರೂ ಗೀಚದೆ ಅದರ ಮೇಲೆ ಮೇಬಲ್ ಅಂತ ಮೂಡತ್ತೆ. ನಿಮ್ಮ ಮೇಬಲ್ ಅಜ್ಜಿ ಅದನ್ನ ಬಲಿಯೋಕೆ ಬಿಡಲ್ಲ, ಎಳೇದಿದ್ದಾಗಲೇ ಚಿವುಟಿ ಹಾಕ್ತಾಳೆ. ಈ ವರ್ಷ ಸೊಂಟ ಮುರ್ಕೊಂಡು ಮಲಗಿದಾಳೆ, ಚಿವುಟೋರು ಯಾರು?"

ಅಜ್ಜಿ ಕಿಟಕಿಯಾಚೆ ಪಕ್ಕದ ಮನೆಯ ಕಡೆ ನೋಡಿದಳು.

"ಇವತ್ತು ಅವಳನ್ನ ನೋಡಿಕೊಳ್ಳೋ ನರ್ಸ್ ಸಿಕ್ಕಿದ್ದಳು. 'ಹಿತ್ತಲಲ್ಲಿ ಎಂಥಾ ಚೆಂದದ ಕಾಯಿ ಬಿಟ್ಟಿತ್ತು ಅಜ್ಜೀ, ಅವರದೇ ಹೆಸರು ಬೇರೆ! ಹಬ್ಬಕ್ಕಿರಲಿ ಅಂತ ಕೊಯ್ದು ತಂದು ಮಂಚದ ಪಕ್ಕ ಇಟ್ಟಿದೀನಿ' ಅಂದಳು. ನಾನು ಬೇಡ ಅನ್ನಲಿಲ್ಲ... ಪಾಪ, ಆ ಮೇಬಲ್ ಮಗು ಎಷ್ಟು ವರ್ಷದಿಂದ ಹೊರಗೇ ನೆನೀತಿದೆ!"